ಅಪ್ಪನ ಓಮ್ನಿಯ ಸ್ಟೀರಿಯೊ ಮನೆಯಲ್ಲಿ ಹಾಡಿಸ್ಬೇಕು, ಚೆಂಡೆ ಪೆಟ್ಟು ಬಿದ್ದರೆ ಆಫ್ ಆಗ್ತದೆ

ಪಡುಗಾಳಿ:
ಎಲ್ಲರಿಗೂ ನಮಸ್ಕಾರ. ಊರು ಕುಂದಾಪುರದ ಹತ್ತಿರ, ಕೆಲಸ ಬೆಂಗಳೂರಲ್ಲಿ. ಅಪ್ಪ 17 ವರ್ಷ ಬಾಡಿಗೆಗೆ ಓಡಿಸಿದ ಓಮ್ನಿಯನ್ನು ಹೋದ ತಿಂಗಳು ಗುಜರಿಗೆ ಕೊಟ್ಟೆವು. ಕೊಡುವ ಹಿಂದಿನ ದಿನ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಒಳಗೆ ಕೂತು ಕ್ಯಾಸೆಟ್ ಸ್ಟೀರಿಯೊ, ಹಿಂದಿನ ಎರಡು 6×9 ಇಂಚಿನ ಸ್ಪೀಕರ್ ಬಿಚ್ಚಿಟ್ಟುಕೊಂಡರು. ಮನೆಯಲ್ಲಿ 60ರ ಮೇಲೆ ಯಕ್ಷಗಾನದ ಕ್ಯಾಸೆಟ್ ಉಂಟು. ಅದರಲ್ಲಿ ಸುಮಾರು ಆಟಕ್ಕೆ ಹೋದಲ್ಲಿ ಅಪ್ಪನೇ ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿದ್ದು, ಬೇರೆ ಕಡೆ ಸಿಗುವಂಥದ್ದಲ್ಲ. ಮನೆಯ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷ ಆಯ್ತು. ಇಷ್ಟು ದಿನ ಆ ಕ್ಯಾಸೆಟ್ ಕೇಳ್ತಾ ಇದ್ದದ್ದು ಓಮ್ನಿಯಲ್ಲಿ ಮಾತ್ರ.

ಹೋದ ವಾರ ಊರಿಗೆ ಹೋದಾಗ 12 ವೋಲ್ಟ್ 2 ಆಂಪ್ ಅಡಾಪ್ಟರ್ ಇತ್ತು, ಅದನ್ನೇ ಕೊಟ್ಟು ನೋಡಿದೆ. ದೀಪ ಬಂತು, ಪದ್ಯವೂ ಬಂತು. ಸ್ವಲ್ಪ ವಾಲ್ಯೂಮ್ ಏರಿಸಿ ಚೆಂಡೆಯ ಪೆಟ್ಟು ಬಿದ್ದದ್ದೇ ಸೆಟ್ ಆಫ್. ಪುನಃ ತಾನೇ ಆನ್. ಇನ್ನೊಂದು, ಮೇಜಿನ ಮೇಲೆ ಇಟ್ಟರೆ ಸ್ಪೀಕರಲ್ಲಿ ಮದ್ದಳೆ ಕೇಳುವುದೇ ಇಲ್ಲ, ಡಬ್ಬ ಬಡಿದ ಹಾಗೆ. ಓಮ್ನಿಯಲ್ಲಿ ಇದೇ ಸ್ಪೀಕರ್ ಎದೆಗೆ ತಾಗ್ತಿತ್ತು ಮಾರಾಯ್ರೆ. ಯಾವ ಸಪ್ಲೈ ತಗೊಳ್ಳುವುದು, ಸ್ಪೀಕರಿಗೆ ಏನು ಮಾಡುವುದು? ಹಳದಿ ವೈರ್, ಕೆಂಪು ವೈರ್ ಎರಡೂ ಪ್ಲಸ್ಸಾ?

ಬೆಸುಗೆ:
2 ಆಂಪ್ ಸಾಲಲ್ಲ, ಅಷ್ಟೇ ಸಮಸ್ಯೆ. ನಿಮ್ಮ ಸೆಟ್ ಕೆಟ್ಟಿಲ್ಲ. ಚೆಂಡೆ ಪೆಟ್ಟಿಗೆ ಕ್ಷಣಮಾತ್ರ ಜಾಸ್ತಿ ಕರೆಂಟ್ ಎಳೆಯುತ್ತೆ, ಅಡಾಪ್ಟರ್‌ನಲ್ಲಿ ಅಷ್ಟಿಲ್ಲ, ವೋಲ್ಟೇಜ್ ಕುಸಿಯುತ್ತೆ, ಸೆಟ್ ಆಫ್ ಆಗುತ್ತೆ.

ಲೆಕ್ಕ ನೋಡಿ. ಡಬ್ಬದ ಮೇಲೆ 4×50 ವಾಟ್ ಅಂತ ಬರೆದಿರ್ತಾರೆ, ಅದನ್ನ ಮರೆತುಬಿಡಿ. ಒಳಗಿರೋದು ಸದ್ದು ದೊಡ್ಡದು ಮಾಡೋ ಚಿಪ್, ಟಿಡಿಎ 7388 ತರದ ಒಂದು ಐಸಿ. 12 ವೋಲ್ಟ್‌ನಲ್ಲಿ, 4 ಓಮ್ ಸ್ಪೀಕರಿಗೆ, ಶಬ್ದ ಒಡೆಯೋ ಮುಂಚೆ ಸಿಗೋದು ಒಂದಕ್ಕೆ ಹೆಚ್ಚೆಂದರೆ 18 ವಾಟ್. ಎಂಜಿನ್ ಓಡ್ತಿರೋ ಕಾರಲ್ಲಿ 14.4 ವೋಲ್ಟ್ ಬರುತ್ತೆ, ಆಗ 26 ವಾಟ್ ಹತ್ತಿರ. ಎರಡು ಸ್ಪೀಕರಿಗೆ 36 ವಾಟ್, ಐಸಿ ಬಿಸಿಯಾಗಿ ಕಳೆಯೋದೂ ಸೇರಿದರೆ 60 ವಾಟ್, ಅಂದ್ರೆ 5 ಆಂಪ್. ಆದ್ದರಿಂದ 12 ವೋಲ್ಟ್ 10 ಆಂಪ್ ಎಸ್‌ಎಂಪಿಎಸ್ (ಮನೆ ಕರೆಂಟನ್ನ 12 ವೋಲ್ಟ್ ಡಿಸಿ ಮಾಡೋ ಸಪ್ಲೈ) ತಗೊಳ್ಳಿ. ಎಲ್‌ಇಡಿ ಪಟ್ಟಿಗೆ, ಸಿಸಿ ಕ್ಯಾಮೆರಾಕ್ಕೆ ಹಾಕ್ತಾರಲ್ಲ, ತೂತುತೂತಿನ ತಗಡಿನ ಡಬ್ಬ, ಅದೇ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಯಾವ ಅಂಗಡಿಯಲ್ಲಾದ್ರೂ ಸಿಗುತ್ತೆ.

ಹಳದಿ ಬ್ಯಾಟರಿಯಿಂದ ನೇರ ಬರೋದು, ಸೆಟ್ ತನ್ನ ಗಡಿಯಾರ, ಸ್ಟೇಷನ್ ಮರೆಯದ ಹಾಗೆ. ಕೆಂಪು ಕೀ ತಿರುಗಿಸಿದಾಗ ಬರೋದು. ಎರಡನ್ನೂ ಸೇರಿಸಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ನೀಲಿ ಆಂಟೆನಾಕ್ಕೆ, ಅದನ್ನ ಟೇಪ್ ಸುತ್ತಿ ಬಿಡಿ. ಹಳೇ ಸೆಟ್‌ಗಳಲ್ಲಿ ಬಣ್ಣ ಅದಲುಬದಲು ಇರೋದುಂಟು, ಮೇಲಿನ ತಗಡಿನ ಚೀಟಿ ಓದಿಯೇ ಜೋಡಿಸಿ.

ಒಂದು ವಿಷಯ ಮಾತ್ರ ಯಾವತ್ತೂ ಮಾಡಬೇಡಿ. ಸ್ಪೀಕರಿನ ಮೈನಸ್ ವೈರನ್ನ ಸಪ್ಲೈ ಮೈನಸ್‌ಗಾಗಲಿ, ಸೆಟ್‌ನ ಬಾಡಿಗಾಗಲಿ, ಇನ್ನೊಂದು ಸ್ಪೀಕರಿನ ಮೈನಸ್‌ಗಾಗಲಿ ಸೇರಿಸಬಾರದು. ಈ ಐಸಿಗಳಲ್ಲಿ ಎರಡೂ ತುದಿಯಲ್ಲಿ ಸಿಗ್ನಲ್ ಇರುತ್ತೆ. ಸೇರಿಸಿದರೆ ಐಸಿ ಹೋಯ್ತು.

ಸಿಟಿಸವಾರ:
ಇಷ್ಟೆಲ್ಲ ಯಾಕೆ, ಒಂದು ಬ್ಲೂಟೂತ್ ಸ್ಪೀಕರ್ ಕೊಡಿಸಿ ಅಪ್ಪಂಗೆ.

ಹಳೇಬೇರು:
@ಸಿಟಿಸವಾರ ಬ್ಲೂಟೂತ್ ಸ್ಪೀಕರಲ್ಲಿ ಕ್ಯಾಸೆಟ್ ಎಲ್ಲಿ ತೂರಿಸ್ತೀರಾ? ಪೂರ್ತಿ ಓದಿ.

ಧಾರವಾಡದಂವ:
ದುಡ್ಡು ಕೊಟ್ಟು ಎಸ್‌ಎಂಪಿಎಸ್ ಯಾಕ ತಗೋತೀರಿ? ಹಳೇ ಕಂಪ್ಯೂಟರಿಂದು ಇದ್ರ ಸಾಕ್ರಿ. ದೊಡ್ಡ ಪ್ಲಗ್ಗಿನಾಗ ಒಂದ ಒಂದು ಹಸರ ವೈರ್ ಇರ್ತದ, ಅದನ್ನ ಯಾವುದರ ಒಂದು ಕರೀ ವೈರಿಗೆ ಕೂಡಸ್ರಿ, ಫ್ಯಾನ್ ತಿರಗತದ. ಹಳದಿ 12 ವೋಲ್ಟ್, ಕರೀದು ಮೈನಸ್. ನಮ್ಮ ಹಿಟ್ಟಿನ ಗಿರಣಿಯಾಗ ಆರು ವರ್ಷ ಹಿಂಗ ನಡಸೀನಿ. ಗಿರಣಿ ಸಪ್ಪಳದಾಗೂ ಕೇಳಸ್ತದ.

ರೇಡಿಯೊ_ಅಜ್ಜ:
ಧಾರವಾಡದವರೇ, ಅದೇ ಸೆಟ್‌ನಲ್ಲಿ ನಿಮ್ಮೂರ ಆಕಾಶವಾಣಿ 765 ಕಿಲೋಹರ್ಟ್ಸ್ ಹಾಕಿ ನೋಡಿದ್ದೀರಾ? ಎಸ್‌ಎಂಪಿಎಸ್ ಇರುವ ಕಡೆ ಮೀಡಿಯಂ ವೇವ್ ಸತ್ತ ಹಾಗೆಯೇ. ಬರೀ ಗುಂಯ್ ಎನ್ನುವ ಸದ್ದು. ನಾನು ಟ್ರಾನ್ಸ್‌ಫಾರ್ಮರ್ ಪಕ್ಷ. ಒಂದು 12 ವೋಲ್ಟ್ 5 ಆಂಪ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಒಂದು ಡಯೋಡ್ ಬ್ರಿಜ್, ಒಂದು 10,000 ಮೈಕ್ರೋಫ್ಯಾರಡ್ ಕೆಪಾಸಿಟರ್. ಜೀವಮಾನವಿಡೀ ಬರುತ್ತದೆ.

ಧಾರವಾಡದಂವ:
ಖರೇ ಅದ ಅಜ್ಜಾರ. ರೇಡಿಯೊ ಹಚ್ಚಿದ್ರ ಬರೇ ಗುಂಯ್. ಅದಕ್ಕ ರೇಡಿಯೊ ಬೇರೆ ಇಟ್ಟೀನಿ, ಸೆಲ್ಲಿನ ಮ್ಯಾಲೆ ನಡಿತದ.

ಬೆಸುಗೆ:
ಅಜ್ಜನವರೇ, ರೇಡಿಯೊ ವಿಷಯದಲ್ಲಿ ನಿಮ್ಮ ಮಾತು ಸರಿ. ಆದ್ರೆ ಹೊಸಬರಿಗೆ ಟ್ರಾನ್ಸ್‌ಫಾರ್ಮರ್ ಹೇಳೋವಾಗ ಒಂದು ಎಚ್ಚರಿಕೆ ಸೇರಿಸಬೇಕು. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅಂದ್ರೆ 12 ವೋಲ್ಟ್ ಡಿಸಿ ಅಲ್ಲ. ಕೆಪಾಸಿಟರ್ ತುಂಬಿದ ಮೇಲೆ 12ನ್ನ 1.414ರಿಂದ ಗುಣಿಸಬೇಕು, ಡಯೋಡ್‌ಗಳು ನುಂಗೋದು ಕಳೆದರೂ 15.5 ಮೇಲೆ. ರಾತ್ರಿ ಲೈನ್ 250ಕ್ಕೆ ಏರಿದಾಗ, ಸೆಟ್ ಆಫ್ ಇದ್ದಾಗ, 17 ತನಕ ಹೋಗುತ್ತೆ. ಎಷ್ಟೋ ಸೆಟ್‌ಗಳಿಗೆ 16 ವೋಲ್ಟ್ ಕೊನೆಯ ಗೆರೆ. ಈ ಸೆಟ್ ಹೋದರೆ ಅವರಿಗೆ ಇನ್ನೊಂದು ಸಿಗಲ್ಲ.

ರೇಡಿಯೊ_ಅಜ್ಜ:
ಒಪ್ಪಿದೆ. ವೋಲ್ಟೇಜ್ ಏರದಂತೆ ತಡೆಯುವ ರೆಗ್ಯುಲೇಟರ್ ಹಾಕಬೇಕು. ಬರೆಯುವಾಗ ಬಿಟ್ಟುಹೋಯಿತು.

ಗುಡಾಣ:
ಸ್ಪೀಕರ್ ಬಗ್ಗೆ ನಾನು ಹೇಳ್ತೀನಿ ಕೇಳಿ. ನಮ್ಮ ಮಂಡ್ಯ ಕಡೆ ಕಟಿಂಗ್ ಶಾಪಲ್ಲಿ, ಟೈಲರ್ ಅಂಗಡೀಲಿ ನೋಡಿರ್ತೀರ, ಮಣ್ಣಿನ ಮಡಕೆ ಬಾಯಿಗೆ ಸ್ಪೀಕರ್ ಕೂರಿಸಿ ಮೂಲೇಲಿ ಇಟ್ಟಿರ್ತಾರೆ. ನಮ್ಮ ಮಾವನ ಅಂಗಡೀಲಿ ಈಗ್ಲೂ ಇದೆ. ಬಾಯಿ ಸುತ್ತ ಸೈಕಲ್ ಟ್ಯೂಬ್ ಕತ್ತರಿಸಿ ಹಾಸಿ, ಮೇಲೆ ಸ್ಪೀಕರ್ ಇಟ್ಟು ಎಂ-ಸೀಲ್ ಮೆತ್ತಿರೋದು. ವೈರಿಗೆ ಮಡಕೆ ಹೊಟ್ಟೇಲಿ ಒಂದು ತೂತು. ಡೋಲು ಬಾರಿಸಿದ್ರೆ ಕುರ್ಚೀಲಿ ಕೂತೋರಿಗೆ ಗೊತ್ತಾಗುತ್ತೆ. ಖರ್ಚು ಮಡಕೇದು ಮಾತ್ರ.

ಸಿಟಿಸವಾರ:
ಮಡಕೆಯಲ್ಲಿ ಎಲ್ಲ ಒಂದೇ ತರ ಗುಂ ಅನ್ನುತ್ತೆ, ಅದು ಬೇಸ್ ಅಲ್ಲ.

ಮರಗೆಲಸ:
ಇಬ್ಬರೂ ಅರ್ಧರ್ಧ ಸರಿ. ಸ್ಪೀಕರ್ ಕಾಗದ ಮುಂದೆ ತಳ್ಳಿದಾಗ ಹಿಂದೆ ಎಳೆಯುತ್ತೆ. ಮುಂದಿನ ಗಾಳಿ ಹಿಂದಿನ ಗಾಳಿ ಸೇರಿಕೊಂಡ್ರೆ ಒಂದನ್ನೊಂದು ತಿಂದುಹಾಕುತ್ತೆ, ತಗ್ಗಿನ ಸದ್ದು ಪೂರ್ತಿ ಮಾಯ. ಪಡುಗಾಳಿಯವರು ಮೇಜಿನ ಮೇಲೆ ಇಟ್ಟಾಗ ಆಗಿದ್ದು ಇದೇ. ಮಡಕೆ ಹಿಂದಿನ ಗಾಳೀನ ಮುಚ್ಚಿಹಾಕುತ್ತೆ, ದುಂಡಗಿರೋದ್ರಿಂದ ಗೋಡೆ ನಡುಗಲ್ಲ, ಅದಕ್ಕೇ ಕೆಲಸ ಮಾಡುತ್ತೆ. ಆದ್ರೆ ಒಳಗೆ ಏನೂ ತುಂಬದೆ ಬಿಟ್ರೆ ಯಾವುದೋ ಒಂದೇ ಸ್ವರ ಎದ್ದು ಕೂಗುತ್ತೆ. ದಿಂಬಿಗೆ ತುಂಬೋ ಫೈಬರ್ ಸಡಿಲವಾಗಿ ಹಾಕಿದ್ರೆ ತುಂಬಾ ಸರಿಹೋಗುತ್ತೆ.

6×9 ಮೊಟ್ಟೆ ಆಕಾರ, ಮಡಕೆ ಬಾಯಿಗೆ ಕೂರಲ್ಲ. ಡಬ್ಬ ಮಾಡಿಸಿ. ಒಳಅಳತೆ 30 ಅಗಲ, 25 ಆಳ, 34 ಎತ್ತರ ಸೆಂಟಿಮೀಟರ್ ಇಟ್ಕೊಂಡ್ರೆ 25 ಲೀಟರ್ ಚಿಲ್ಲರೆ ಆಗುತ್ತೆ, ಒಂದು ಸ್ಪೀಕರಿಗೆ ಒಂದು. 18 ಎಂಎಂ ಪ್ಲೈವುಡ್. ಕುಂದಾಪುರ ಅಂದ್ರಲ್ಲ, ಪಾರ್ಟಿಕಲ್ ಬೋರ್ಡ್ ಕಡೆ ತಲೆ ಹಾಕಬೇಡಿ, ಒಂದೇ ಮಳೆಗಾಲಕ್ಕೆ ಉಬ್ಬಿ ಸ್ಕ್ರೂ ಕೈಗೆ ಬರುತ್ತೆ. ಮೂಲೆಮೂಲೆಗೂ ಫೆವಿಕಾಲ್ ಹಾಕಿ ಗಾಳಿ ಸೋರದ ಹಾಗೆ ಮುಚ್ಚಿ. ಕಾಗದವನ್ನ ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ, ನಿಧಾನಕ್ಕೆ ವಾಪಸ್ ಬಂದ್ರೆ ಡಬ್ಬ ಬಿಗಿಯಾಗಿದೆ.

ಓಮ್ನಿಯಷ್ಟೇ ಎದೆಗೆ ತಾಗುತ್ತೆ ಅಂತ ಮಾತ್ರ ಹೇಳಲ್ಲ. ಕಾರಿನ ಒಳಗಿನ ಜಾಗ ಚಿಕ್ಕದು, ಬಾಗಿಲು ಹಾಕಿದ ಮೇಲೆ ತಗ್ಗಿನ ಸದ್ದನ್ನ ಅದೇ ಎತ್ತಿಕೊಡುತ್ತೆ. ನಡುಮನೇಲಿ ಆ ಸಹಾಯ ಸಿಗಲ್ಲ. ಡಬ್ಬಗಳನ್ನ ಗೋಡೆಗೆ ಹತ್ತಿರ, ಮೂಲೆಗೆ ಸರಿಸಿಡಿ, ಸ್ವಲ್ಪ ಮಟ್ಟಿಗೆ ವಾಪಸ್ ಸಿಗುತ್ತೆ.

ಪವರ್‌ಕಟ್_ಪರಿಹಾರ:
ಎಲ್ಲರ ಮನೇಲೂ ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ ಇದೆ. ಅದಕ್ಕೇ ನೇರ ಎರಡು ವೈರ್ ಕೊಟ್ಟರೆ ಮುಗೀತಲ್ಲ. ಕಾರಲ್ಲಿ ಇದ್ದಿದ್ದೂ ಬ್ಯಾಟರಿನೇ. ಕರೆಂಟ್ ಹೋದ್ರೂ ಹಾಡು ನಿಲ್ಲಲ್ಲ.

ಬೆಸುಗೆ:
ಕೆಲಸ ಮಾಡುತ್ತೆ, ಆದ್ರೆ ಎರಡು ಬ್ಯಾಟರಿ ಇರೋ ಇನ್ವರ್ಟರ್ 24 ವೋಲ್ಟ್. ನೋಡದೆ ಕೊಟ್ಟರೆ ಸೆಟ್ ಸುಟ್ಟುಹೋಗುತ್ತೆ. ಎರಡರಲ್ಲಿ ಒಂದರಿಂದ ಮಾತ್ರ ತಗೊಂಡ್ರೂ ತಪ್ಪು, ಆ ಬ್ಯಾಟರಿ ಬೇಗ ಸೊರಗುತ್ತೆ. ಒಂದೇ ಬ್ಯಾಟರಿ ಇದ್ರೂ ಪ್ಲಸ್ ಕಡೆ, ಬ್ಯಾಟರಿ ಬುಡದಲ್ಲೇ 10 ಆಂಪ್ ಫ್ಯೂಸ್ ಇರಲೇಬೇಕು.

ಹಳೇಬೇರು:
ಫ್ಯೂಸ್ ವಿಷಯ ಯಾರೂ ಹಗುರವಾಗಿ ತಗೋಬೇಡಿ. ನಾನು ಇನ್ವರ್ಟರ್ ಬ್ಯಾಟರಿಗೆ ವೈರ್ ಬಿಗಿಯೋವಾಗ ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ ಮೇಲೆ ಅಡ್ಡ ಬಿತ್ತು. ಕಣ್ಣು ಕೋರೈಸೋ ಬೆಳಕು, ಸ್ಪ್ಯಾನರಿನ ಅಂಚು ಮೇಣದ ಹಾಗೆ ಕರಗಿತ್ತು. ಕೈಲಿದ್ದ ಸ್ಟೀಲ್ ವಾಚ್ ತಾಗಿದ್ದರೆ ಏನಾಗ್ತಿತ್ತು ಅಂತ ಈಗಲೂ ನೆನೆಸಿಕೊಂಡರೆ ಮೈ ನಡುಗುತ್ತೆ. ಮೊದಲು ಉಂಗುರ, ವಾಚ್ ಬಿಚ್ಚಿಡಿ. ಬ್ಯಾಟರಿ ಚಾರ್ಜ್ ಆಗೋವಾಗ ಗ್ಯಾಸ್ ಬೇರೆ ಬರುತ್ತೆ, ಮಲಗೋ ಕೋಣೇಲಿ ಬೇಡವೇ ಬೇಡ.

ಪವರ್‌ಕಟ್_ಪರಿಹಾರ:
ಸರಿ, ಫ್ಯೂಸ್ ಹಾಕ್ಕೊಳ್ತೀನಿ. ನಂದರಲ್ಲಿ ಇಲ್ಲ, ಇವತ್ತೇ ತರ್ತೀನಿ.

ರೀಲು_ನೂಲು:
ನಿಲ್ಲಿ ನಿಲ್ಲಿ! ಸಪ್ಲೈ, ಡಬ್ಬ ಎಲ್ಲ ಆಮೇಲೆ. ಪಡುಗಾಳಿಯವರೇ, ಅಪ್ಪ ರೆಕಾರ್ಡ್ ಮಾಡಿದ ಕ್ಯಾಸೆಟ್ ಯಾವುದನ್ನೂ ಈಗಲೇ ಆ ಸೆಟ್‌ಗೆ ಹಾಕಬೇಡಿ. ಮೊದಲು ಹೋದ್ರೂ ಪರವಾಗಿಲ್ಲ ಅನ್ನೋ ಒಂದು ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ ನೋಡಿ.

ಒಳಗಿನ ರಬ್ಬರ್ ಬೆಲ್ಟ್‌ಗೆ ವಯಸ್ಸಾದರೆ ಎರಡರಲ್ಲಿ ಒಂದಾಗುತ್ತೆ. ಸಡಿಲ ಆಗುತ್ತೆ, ಇಲ್ಲಾ ಡಾಂಬರಿನ ತರ ಕರಗಿ ಚಕ್ರಕ್ಕೆಲ್ಲ ಅಂಟಿಕೊಳ್ಳುತ್ತೆ. ಟೇಪನ್ನ ಒತ್ತಿ ಎಳೆಯೋ ಕಪ್ಪು ರಬ್ಬರ್ ಉರುಳೆ ಗಟ್ಟಿಯಾಗಿ ಹೊಳೀತಿದ್ರೆ ಅದು ಟೇಪನ್ನ ನುಂಗಿ ಸುತ್ತಿಕೊಳ್ಳುತ್ತೆ. ಇಯರ್‌ಬಡ್‌ನ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಅದ್ದಿ, ಟೇಪ್ ತಾಗಿ ಸದ್ದು ಓದೋ ಹೆಡ್ ಒರೆಸಿ, ಕಂದು ಬಣ್ಣದ ಪುಡಿ ಬರೋದು ನಿಲ್ಲೋ ತನಕ.

ಆಮೇಲೆ ಪ್ರತಿ ಕ್ಯಾಸೆಟ್‌ನ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಲ್ಲಿ ಬಿಳಿ ಬೂದಿ ಚೆಲ್ಲಿದ ಹಾಗಿದ್ರೆ ಅದು ಬೂಸ್ಟು. ಕರಾವಳಿ ಹವೆಗೆ ಇದು ಸಾಮಾನ್ಯ. ಅಂಥದ್ದನ್ನ ಪಕ್ಕಕ್ಕೆ ಇಡಿ, ಓಡಿಸಿದರೆ ಬೂಸ್ಟು ಹೆಡ್‌ಗೆ ಮೆತ್ತಿ ಅಲ್ಲಿಂದ ಬೇರೆ ಕ್ಯಾಸೆಟ್‌ಗೂ ಹರಡುತ್ತೆ. ಬಾಯಲ್ಲಿ ಟೇಪಿನ ಹಿಂದೆ ಪುಟ್ಟ ಫೆಲ್ಟ್ ತುಂಡು ಇದೆಯಾ ನೋಡಿ. ಅದು ಬಿದ್ದುಹೋಗಿದ್ರೆ ಭಾಗವತರ ದನಿ ಕಂಬಳಿ ಹೊದ್ದು ಹಾಡಿದ ಹಾಗೆ ಮಂಕಾಗುತ್ತೆ. ಬೇರೆ ಹಳೇ ಕ್ಯಾಸೆಟ್‌ನಿಂದ ತೆಗೆದು ಹಾಕಬಹುದು.

ಒಂದ್ಸಲ ಸರಿಯಾಗಿ ಓಡಿದ ಮೇಲೆ, ಓಡಿಸ್ತಾನೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸ್ಪೀಕರ್ ವೈರಿಂದ ಅಲ್ಲ! ಹಿಂದುಗಡೆ ಆರ್‌ಸಿಎ ತೂತು (ಬೇರೆ ಆಂಪ್ಲಿಫೈಯರಿಗೆ ಸದ್ದು ಕೊಡೋ ದುಂಡು ಸಾಕೆಟ್) ಇದ್ರೆ ಅಲ್ಲಿಂದ.

ಪಡುಗಾಳಿ:
ಅಯ್ಯೋ, ನಾನು ಅಪ್ಪನ ಕ್ಯಾಸೆಟ್ಟೇ ಹಾಕಿ ನೋಡಿದ್ದು. ಪುಣ್ಯಕ್ಕೆ ಏನೂ ಆಗ್ಲಿಲ್ಲ. ಈಗಲೇ ಫೋನ್ ಮಾಡಿ ಹೇಳ್ತೇನೆ, ಮುಟ್ಟಬೇಡಿ ಅಂತ. ಆರ್‌ಸಿಎ ಒಂದು ಜೊತೆ ಉಂಟು.

ದೂರದೂರು:
ನಾನು ನ್ಯೂಜೆರ್ಸಿಯಲ್ಲಿದ್ದೇನೆ. ವಿಷಯ ಸ್ವಲ್ಪ ಬೇರೆ. ಇಲ್ಲಿಂದ ಒಂದು ಒಳ್ಳೆ ಕಾರ್ ಸೆಟ್ ಹಾಸನಕ್ಕೆ, ಅತ್ತೆ ಮನೆಗೆ ತಂದು ಕೊಟ್ಟಿದ್ದೆ. ಅವರಿಗೆ ಬೆಂಗಳೂರು ಆಕಾಶವಾಣಿ 612 ಬೇಕಿತ್ತು, ಎಷ್ಟು ಒತ್ತಿದರೂ 610 ಆದ ಮೇಲೆ 620. ಎಫ್‌ಎಮ್‌ನಲ್ಲೂ ಮೈಸೂರು 100.6 ಹಿಡಿಯಲಿಲ್ಲ. ಯಾಕೆ?

ರೇಡಿಯೊ_ಅಜ್ಜ:
ಅಮೆರಿಕದಲ್ಲಿ ಮೀಡಿಯಂ ವೇವ್ ಸ್ಟೇಷನ್ನುಗಳು 10 ಕಿಲೋಹರ್ಟ್ಸ್ ಅಂತರದಲ್ಲಿ, ನಮ್ಮಲ್ಲಿ 9ರ ಅಂತರದಲ್ಲಿ. 612, 675, 765 ಎಲ್ಲ 9ರ ಮಗ್ಗಿ. ಎಫ್‌ಎಮ್ ಅಲ್ಲಿ 100.5, 100.7 ಹೀಗೆ ಬೆಸ ಅಂಕೆಗೆ ಮಾತ್ರ ಜಿಗಿಯುತ್ತದೆ. ಮೆನುವಿನಲ್ಲಿ ದೇಶ ಅಥವಾ ಏರಿಯಾ ಬದಲಿಸುವ ಜಾಗ ಇರುತ್ತದೆ, ಹುಡುಕಿ. ಜಪಾನಿನ ಸೆಟ್ ಆದರೆ ಇನ್ನೂ ಕಷ್ಟ, ಹಳೆಯವು 76ರಿಂದ 90 ಮೆಗಾಹರ್ಟ್ಸ್ ಮಾತ್ರ. ಅಂದ ಹಾಗೆ ಎಫ್‌ಎಮ್‌ಗೆ ಕಾರಿನ ಕಡ್ಡಿಯೇ ಬೇಕಿಲ್ಲ, ಆಂಟೆನಾ ತೂತಿನ ನಡುವಿನ ಪಿನ್ನಿಗೆ 75 ಸೆಂಟಿಮೀಟರ್ ವೈರ್ ಸಾಕು.

ದೂರದೂರು:
ಏರಿಯಾ ಬದಲಿಸಿದರಂತೆ, 612 ಬಂತು. ಅತ್ತೆ ನಿಮಗೆ ನಮಸ್ಕಾರ ಹೇಳಿದ್ದಾರೆ ಸರ್.

ದಢಂ:
ನಾನು ಕಾರಿನ 12 ಇಂಚಿನ ಸಬ್‌ವೂಫರ್, ಅದರ ಮೋನೊ ಆಂಪ್ಲಿಫೈಯರ್ ಮನೇಲಿ ಹಾಕಿದ್ದೀನಿ. 12 ವೋಲ್ಟ್ 30 ಆಂಪ್ ಎಸ್‌ಎಂಪಿಎಸ್ ತಂದೆ. ಆಂಪ್ಲಿಫೈಯರ್ ಆನ್ ಆಗಲ್ಲ. ಸುಟ್ಟಿದ್ದು ಕೊಟ್ಟರು ಅಂತ ಅಂಗಡಿಯವರ ಹತ್ರ ಜಗಳ ಮಾಡಿ ಬಂದೆ.

ಬೆಸುಗೆ:
ಆಂಪ್ಲಿಫೈಯರ್‌ನಲ್ಲಿ ಆರ್‌ಇಎಂ ಅಂತ ಮೂರನೇ ಸ್ಕ್ರೂ ಇರುತ್ತೆ. ಅದಕ್ಕೂ 12 ವೋಲ್ಟ್ ಕೊಟ್ಟಿದ್ದೀರಾ? ಕಾರಲ್ಲಿ ಸೆಟ್‌ನ ನೀಲಿ-ಬಿಳಿ ವೈರ್ ಅಲ್ಲಿಗೆ ಬರುತ್ತೆ. ಮನೇಲಿ ಪ್ಲಸ್‌ನಿಂದ ಒಂದು ಸಣ್ಣ ಸ್ವಿಚ್ ಹಾಕಿ ಅಲ್ಲಿಗೆ ಕೊಡಿ.

ದಢಂ:
ಕೊಟ್ಟಿರಲಿಲ್ಲ. ಈಗ ಆನ್ ಆಯ್ತು! ಅಂಗಡಿಯವರಿಗೆ ಹೋಗಿ ಕ್ಷಮೆ ಕೇಳಿ ಬರ್ತೀನಿ. ಆದ್ರೆ ಮೊದಲ ಸಲ ಸ್ವಿಚ್ ಹಾಕಿದಾಗ ಸಪ್ಲೈ ಟಿಕ್ ಟಿಕ್ ಅಂತ ಒದ್ದಾಡುತ್ತೆ.

ಬೆಸುಗೆ:
ಆಂಪ್ಲಿಫೈಯರ್ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಒಮ್ಮೆಲೇ ತುಂಬೋಕೆ ಹೋಗುತ್ತೆ, ಸಪ್ಲೈ ಅದನ್ನ ಶಾರ್ಟ್ ಅಂದುಕೊಳ್ಳುತ್ತೆ. ಪ್ಲಸ್ ದಾರಿಯಲ್ಲಿ ಒಂದು ಎನ್‌ಟಿಸಿ (ಶುರುವಲ್ಲಿ ಕರೆಂಟ್ ನುಗ್ಗದ ಹಾಗೆ ತಡೆದು, ಬಿಸಿಯಾದ ಮೇಲೆ ಬಿಡೋ ರೆಸಿಸ್ಟರ್) ಹಾಕಿ, ಅದು ಎಷ್ಟು ಆಂಪಿಯರ್ ತಡೆಯುತ್ತೆ ನೋಡಿ ತಗೊಳ್ಳಿ.

ಸಿಟಿಸವಾರ:
ನನ್ನ ಹತ್ರ ಮನೆಯ ಆಂಪ್ಲಿಫೈಯರ್ ಇದೆ. ಕಾರ್ ಸ್ಪೀಕರ್ ಅದಕ್ಕೆ ಕೊಡಬಹುದಾ? ಹಿಂದೆ 8 ಓಮ್ ಅಂತ ಬರೆದಿದೆ.

ಮರಗೆಲಸ:
ನೇರ ಬೇಡ. ಕಾರ್ ಸ್ಪೀಕರ್ 4 ಓಮ್, ನಿಮ್ಮ ಆಂಪ್ಲಿಫೈಯರ್ ದುಪ್ಪಟ್ಟು ಕರೆಂಟ್ ಕೊಡಬೇಕಾಗುತ್ತೆ, ಬಿಸಿಯಾಗಿ ಸಾಯುತ್ತೆ. ಒಂದೊಂದು ಕಡೆಗೂ ಎರಡೆರಡು ಸ್ಪೀಕರ್ ಸರಣಿಯಲ್ಲಿ ಜೋಡಿಸಿದ್ರೆ 4 ಕೂಡಿಸು 4, ಎಂಟಾಯ್ತು.

ಲೆಕ್ಕಾಚಾರ:
ಒಂದು ಮಾತು ಹೇಳ್ತೀನಿ, ಯಾರೂ ಬೇಜಾರಾಗಬೇಡಿ. ಮನೇಲಿ ಬಿದ್ದಿರೋ ಸಾಮಾನು ಇದ್ರೆ ಮಾತ್ರ ಇದು ಲಾಭ. ಹೊಸದಾಗಿ ಕಾರ್ ಸೆಟ್, ಸ್ಪೀಕರ್, ಎಸ್‌ಎಂಪಿಎಸ್ ಎಲ್ಲ ದುಡ್ಡು ಕೊಟ್ಟು ತಂದು ಮನೇಲಿ ಹಾಕ್ತೀನಿ ಅನ್ನೋರು ಟಿಪಿಎ 3116 ಆಂಪ್ಲಿಫೈಯರ್ ಬೋರ್ಡ್ ತಗೊಳ್ಳಿ. ಅಂಗೈ ಅಗಲ ಇದೆ, 24 ವೋಲ್ಟ್ ತಡೆಯುತ್ತೆ, ಕಾರ್ ಸೆಟ್‌ಗಿಂತ ಸುಮಾರು ಎರಡು ಪಟ್ಟು ವಾಟ್, ಬಿಸಿಯೂ ಕಮ್ಮಿ. ಉಳಿದ ದುಡ್ಡು ಡಬ್ಬಕ್ಕೆ ಹಾಕಿ.

ಧಾರವಾಡದಂವ:
ಈ ಮಾತು ಮಾತ್ರ ಖರೇ.

ಹಳೇಬೇರು:
ಎಸ್‌ಎಂಪಿಎಸ್ ಹಾಕೋರು ಇನ್ನೊಂದು ಗಮನಿಸಿ. 230 ವೋಲ್ಟ್ ಬರೋ ಸ್ಕ್ರೂಗಳು ಬಯಲಲ್ಲೇ ಇರುತ್ತೆ, ಮೇಲಿರೋ ಪ್ಲಾಸ್ಟಿಕ್ ಮುಚ್ಚಳ ಬಿದ್ದೇ ಹೋಗಿರುತ್ತೆ. ಮಕ್ಕಳಿರೋ ಮನೆ. ಗಾಳಿ ಆಡೋ ಒಂದು ಡಬ್ಬದೊಳಗೆ ಕೂರಿಸಿ, ಮೂರು ಪಿನ್ ಪ್ಲಗ್ ಹಾಕಿ, ಅರ್ತ್ ವೈರ್ ಬಿಡಬೇಡಿ.

ಪಡುಗಾಳಿ:
ಮೂರು ವಾರ ಆಯ್ತು, ಎಲ್ಲರಿಗೂ ವರದಿ ಒಪ್ಪಿಸ್ತೇನೆ.

10 ಆಂಪ್ ಎಸ್‌ಎಂಪಿಎಸ್ ತಂದೆ. ವೈರ್ ಬಿಗಿಯುವ ಜಾಗದ ಪಕ್ಕ ಒಂದು ಸಣ್ಣ ತಿರುಪು ಇತ್ತು, ಸೆಟ್ ಜೋಡಿಸುವ ಮುಂಚೆ ಮೀಟರ್ ಹಿಡಿದು ತಿರುಗಿಸಿದರೆ 13.4 ತನಕ ಹೋಯ್ತು, ಅಲ್ಲಿಗೇ ಬಿಟ್ಟೆ. ಹಳದಿ ವೈರಿಗೆ ಫ್ಯೂಸ್ ಹಾಕಿದೆ, ಕೆಂಪಿಗೆ ಒಂದು ಸ್ವಿಚ್, ಹಾಗಾಗಿ ಸೆಟ್‌ನ ಗಡಿಯಾರ ಅಳಿಯುವುದಿಲ್ಲ. ಊರಿನ ಬಡಗಿಗೆ ಮರಗೆಲಸದವರ ಅಳತೆಯನ್ನೇ ಓದಿ ಹೇಳಿದೆ. ಪ್ಲೈವುಡ್ ಡಬ್ಬ ಎರಡು, ಒಳಗೆ ಹಳೆ ದಿಂಬಿನ ಫೈಬರ್. ಮೇಜಿನ ಮೇಲೆ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮದ್ದಳೆಯ ಎಡದ ಪೆಟ್ಟು ಬೇರೆ, ಬಲದ ಪೆಟ್ಟು ಬೇರೆ ಕೇಳ್ತದೆ. ಚೆಂಡೆಗೆ ಸೆಟ್ ಒಮ್ಮೆಯೂ ಆಫ್ ಆಗ್ಲಿಲ್ಲ.

ಕ್ಯಾಸೆಟ್ ಎಲ್ಲ ಬೆಳಕಿಗೆ ಹಿಡಿದು ನೋಡಿದೆವು. ಒಂಬತ್ತರಲ್ಲಿ ಬಿಳಿ ಬೂಸ್ಟು, ಬೇರೆ ಇಟ್ಟಿದ್ದೇನೆ. ಹೆಡ್ ಒರೆಸಿದಾಗ ಎಂಟು ಇಯರ್‌ಬಡ್ ಕಂದು ಆಯ್ತು.

ಈಗ ಒಂದೇ ಸಮಸ್ಯೆ. ಅಪ್ಪ ಮೊದಲನೇ ಪದ್ಯ ಕೇಳಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಇದು ಇಳಿದಿದೆ. ಇವರು ಕಪ್ಪು ಮೂರರಲ್ಲಿ ಹಾಡುವವರು, ಇದು ಬಿಳಿ ನಾಲ್ಕಾಗಿದೆ" ಅಂದರು. ಹಾರ್ಮೋನಿಯಂ ಮನೆಗಳ ಲೆಕ್ಕ ಅದು, ಒಂದು ಮನೆ ಕೆಳಗೆ. ನನಗೆ ಗೊತ್ತಾಗಲಿಲ್ಲ, ಶ್ರುತಿಪೆಟ್ಟಿಗೆ ತಂದು ಹಿಡಿದು ನೋಡಿದರೆ ಅಪ್ಪ ಹೇಳಿದ್ದೇ ಸರಿ. ಹೊಸ ಬೆಲ್ಟ್ ಹಾಕಿದರೆ ಸರಿ ಆಗ್ತದಾ?

ರೀಲು_ನೂಲು:
ಅಪ್ಪನ ಕಿವಿಗೆ ದೊಡ್ಡ ನಮಸ್ಕಾರ. ಅರ್ಧ ಸ್ವರ ಇಳಿದಿದೆ ಅಂದ್ರೆ ಟೇಪ್ ನೂರಕ್ಕೆ ಸುಮಾರು 6ರಷ್ಟು ನಿಧಾನ ಓಡ್ತಿದೆ. ಬೆಲ್ಟ್ ಬದಲಾಯಿಸಿ, ಹಳೇದರ ಅಳತೆಗಿಂತ ಸ್ವಲ್ಪವೇ ಸ್ವಲ್ಪ ಚಿಕ್ಕದು ತಗೊಳ್ಳಿ, ಯಾಕಂದ್ರೆ ಹಳೇದು ಹಿಗ್ಗಿರುತ್ತೆ. ಆಮೇಲೂ ಕಮ್ಮಿ ಇದ್ರೆ ಮೋಟರಿನ ಹಿಂಭಾಗ ಒಂದು ಪುಟ್ಟ ತೂತು ಹುಡುಕಿ, ಒಳಗೆ ತಿರುಪು ಇರುತ್ತೆ. ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಕೇಳಿ, ಮತ್ತೆ ತಿರುಗಿಸಿ. ಕಂಪ್ಯೂಟರಿಗೆ ಇಳಿಸೋ ಕೆಲಸ ಇದು ಸರಿಯಾದ ಮೇಲೆ.

ಪಡುಗಾಳಿ:
ಬೆಲ್ಟ್ ಹಾಕಿದೆ, ಮುಕ್ಕಾಲು ಸರಿಹೋಯ್ತು. ಉಳಿದದ್ದಕ್ಕೆ ನಿನ್ನೆ ಮಧ್ಯಾಹ್ನ ಊಟ ಮಾಡಿ ನಾನು ಸೆಟ್‌ನ ಮುಚ್ಚಳ ತೆಗೆದು ತಿರುಪು ಹಿಡಿದು ಕೂತೆ, ಅಪ್ಪ ಶ್ರುತಿಪೆಟ್ಟಿಗೆ ಹಿಡಿದು ಎದುರಿಗೆ ಕೂತರು. ಇನ್ನೂ, ಇನ್ನೂ ಸ್ವಲ್ಪ, ಅಯ್ಯೋ ಜಾಸ್ತಿ ಆಯ್ತು, ಹಿಂದೆ ತಿರುಗಿಸು ಅಂತ ಮುಕ್ಕಾಲು ಗಂಟೆ. ಒಂದು ಕಡೆ ಬಂದಾಗ ಅಪ್ಪ ಶ್ರುತಿಪೆಟ್ಟಿಗೆ ಕೆಳಗಿಟ್ಟು ತೊಡೆ ಮೇಲೆ ತಾಳ ಹಾಕ್ಲಿಕ್ಕೆ ಶುರು ಮಾಡಿದರು. ಆ ತಿರುಪಿಗೆ ಒಂದು ಹನಿ ನೈಲ್‌ಪಾಲಿಶ್ ಹಾಕಿ ಮುಚ್ಚಳ ಮುಚ್ಚಿದ್ದೇನೆ. ಈಗ ಮೂರನೇ ಕ್ಯಾಸೆಟ್‌ನ ಎರಡನೇ ಬದಿ ಕಂಪ್ಯೂಟರಿಗೆ ಇಳೀತಾ ಉಂಟು.

ಮರಗೆಲಸ:
ಡಬ್ಬದ ಫೋಟೊ ಹಾಕಿ ಮಾರಾಯ್ರೆ, ನೋಡೋಣ.